1698ರ ದಿನಸಿ ಅಂಗಡಿ ಇನ್ನೂ ಬಾಗಿಲು ತೆಗೀತಿದೆ: ಲಂಡನ್ನಿನ ಬೆರ್ರಿ ಬ್ರದರ್ಸ್ ಅಂಡ್ ರಡ್ ಬಗ್ಗೆ ಮಾತಾಡೋಣ

ಮಂಡಿಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತಿದ್ದಾಗ ಓದಿ.

ನಾನು ದಾವಣಗೆರೆಯವನು. ಅಜ್ಜ ಶುರು ಮಾಡಿದ ಕಿರಾಣಿ ಅಂಗಡೀನ ಈಗ ಅಪ್ಪ ನಡೆಸ್ತಿದಾರೆ. ನಾನು ಆರು ವರ್ಷದಿಂದ ಲಂಡನ್ನಿನಲ್ಲಿದೀನಿ. ಹೋದ ತಿಂಗಳು ಫೋನ್ ಮಾಡಿದಾಗ ಅಪ್ಪ, "ಇನ್ನೆರಡು ವರ್ಷ ನೋಡ್ತೀನಪ್ಪ, ಆಮೇಲೆ ಅಂಗಡಿ ಮುಚ್ಚಿಬಿಡೋದು. ಮಳಿಗೆ ಬಾಡಿಗೆಗೆ ಕೊಟ್ರೆ ಇದಕ್ಕಿಂತ ಜಾಸ್ತಿ ಬರುತ್ತೆ" ಅಂದ್ರು. ನನಗೆ ಏನು ಹೇಳಬೇಕೋ ತಿಳೀಲಿಲ್ಲ.

ಆ ಮಾತು ತಲೇಲಿ ಕೊರೀತಿದ್ದಾಗಲೇ ಮೊನ್ನೆ ಶನಿವಾರ ಸೇಂಟ್ ಜೇಮ್ಸ್ ಸ್ಟ್ರೀಟಿಗೆ ಹೋಗಿದ್ದೆ. ಅಲ್ಲಿ 3ನೇ ನಂಬರಿನ ಅಂಗಡಿ ಮುಂದೆ ಕಾಫಿ ಬೀಸುವ ಯಂತ್ರದ ಚಿತ್ರ ಇರೋ ಹಳೇ ಫಲಕ ತೂಗಾಡ್ತಿತ್ತು. ಇದು ವೈನ್ ವ್ಯಾಪಾರಿಗಳ ಅಂಗಡಿ ಅಂತ ಗೊತ್ತಿತ್ತು, ಕಾಫಿ ಯಾಕೆ ಅಂತ ಕುತೂಹಲ ಆಯ್ತು. ಒಳಗೆ ಕಾಲಿಟ್ಟರೆ ಮರದ ನೆಲ ಒಂದು ಕಡೆ ವಾಲಿದೆ, ಹೆಜ್ಜೆ ಇಟ್ಟಾಗ ನಮ್ಮ ಅಟ್ಟದ ಹಲಗೆ ಥರಾನೇ ಕಿರುಗುಟ್ಟುತ್ತೆ. ಗೋಡೆಗೆಲ್ಲ ಕಪ್ಪಿಟ್ಟ ಮರದ ಹೊದಿಕೆ. ಅಲ್ಲಿ ಕಣ್ಣಿಗೆ ಮೊದಲು ಬಿದ್ದದ್ದು ಬಾಟಲಿ ಅಲ್ಲ, ತಕ್ಕಡಿ. ಆಳೆತ್ತರಕ್ಕಿಂತ ದೊಡ್ಡದು, ಮೂಟೆ ತೂಗುವಂಥದ್ದು.

ಆಮೇಲೆ ಓದಿ ತಿಳ್ಕೊಂಡಿದ್ದು ಇಷ್ಟು. ಈ ಅಂಗಡಿ ಶುರುವಾಗಿದ್ದು 1698ರಲ್ಲಿ. ಶುರು ಮಾಡಿದ್ದು ಒಬ್ಬ ವಿಧವೆ. ಆಕೆಯ ಹೆಸರು ಇತಿಹಾಸದಲ್ಲಿ 'ವಿಡೋ ಬೋರ್ನ್' ಅಂತಷ್ಟೇ ಉಳಿದಿದೆ. ಆಕೆ ಇಟ್ಟದ್ದು ದಿನಸಿ ಅಂಗಡಿ: ಕಾಫಿ, ಚಹಾ, ಸಾಂಬಾರ ಪದಾರ್ಥ ಇಂಥವು. 'ಕಾಫಿ ಮಿಲ್ಲಿನ ಗುರುತಿನ ಅಂಗಡಿ' ಅಂತಲೇ ಜನ ಗುರುತು ಹಿಡೀತಿದ್ರು. ಮನೆಗಳಿಗೆ ನಂಬರ್ ಇಲ್ಲದ ಕಾಲ, ಗುರುತೇ ವಿಳಾಸ. ವೈನು ಮುಖ್ಯ ವ್ಯಾಪಾರ ಆಗಿದ್ದು ನೂರು ವರ್ಷಕ್ಕೂ ಮೇಲಾದ ಮೇಲೆ. ದಿನಸಿ ಹೋಯ್ತು, ತಕ್ಕಡಿ ಮಾತ್ರ ಉಳೀತು.

ಆ ತಕ್ಕಡಿ ಯಾಕೆ ಉಳೀತು ಅನ್ನೋದೇ ನನ್ನನ್ನ ಹಿಡಿದುಹಾಕಿದ್ದು. 1765ರಿಂದ ಅವರು ಗಿರಾಕಿಗಳನ್ನೇ ಅದರಲ್ಲಿ ತೂಗಿ, ತೂಕಾನ ಚರ್ಮದ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದಾರೆ. ಆಗ ಮನುಷ್ಯರನ್ನ ತೂಗೋ ಯಂತ್ರ ಸಿಗೋದೇ ಅಪರೂಪ, ಕಾಫಿ ಮೂಟೆ ತೂಗೋ ತಕ್ಕಡಿ ಇತ್ತಲ್ಲ. ಕವಿ ಲಾರ್ಡ್ ಬೈರನ್ 1806ರಲ್ಲಿ ಕೂತಾಗ ಬೂಟು ಸೇರಿ ಹೆಚ್ಚುಕಡಿಮೆ 88 ಕಿಲೋ, 1811ರಲ್ಲಿ ಸುಮಾರು 62. ಕಟ್ಟುನಿಟ್ಟಿನ ಪಥ್ಯ ಮಾಡಿ ಇಳಿಸಿದ್ದಂತೆ. ಬೂಟು ಹಾಕಿದ್ರಾ, ಟೋಪಿ ಇತ್ತಾ, ಅದನ್ನೂ ಬರೆದಿದಾರೆ!

ನನ್ನ ಪ್ರಶ್ನೆ ಇದು. ಮೂರು ತಲೆಮಾರಿಗೇ ನಮ್ಮಂಥ ಅಂಗಡಿ ಸುಸ್ತಾಗ್ತಿರೋವಾಗ ಒಂದು ಕುಟುಂಬ ಮುನ್ನೂರು ವರ್ಷ ದಾಟಿ ಹೇಗೆ ಉಳಿಸ್ಕೊಳ್ತು?

ಹಳೇ ತಕ್ಕಡಿ

ತಮ್ಮಾ, ಛಲೋ ಬರದೀಯಪಾ. ನಂದು ಹುಬ್ಬಳ್ಳ್ಯಾಗ ಕಿರಾಣಿ ಅಂಗಡಿ ಐತಿ, ನಲವತ್ತು ವರ್ಷ ಗಲ್ಲಾದ ಮ್ಯಾಲ ಕುಂತೇನಿ. ನೀ ತಕ್ಕಡಿ ಅಂದಿದ್ದಕ್ಕ ಬರಿಯಾಕತ್ತೇನಿ.

ನಮ್ಮ ಅಂಗಡ್ಯಾಗೂ ಅಜ್ಜನ ಕಾಲದ್ದೊಂದು ಕೈತಕ್ಕಡಿ ತೂಗ ಹಾಕೇವಿ, ಈಗೇನು ಅದರಾಗ ತೂಗೂದಿಲ್ಲ. ದಸರಾಕ್ಕ ಅದಕ್ಕ ಪೂಜಿ ಮಾಡ್ತೇವಿ. ನಮ್ಮಪ್ಪಾರು ಸಕ್ಕರಿ ತೂಗೂಮುಂದ ಮುಳ್ಳು ನಡುವ ಬಂದ ಮ್ಯಾಲ ಬೆರಳಿನಷ್ಟು ಮತ್ತ ಹಾಕತಿದ್ರು. "ಗಿರಾಕಿ ಕಣ್ಣಾಗ ತಕ್ಕಡಿ ಅವನ ಕಡೆ ಬಾಗಿರಬೇಕು" ಅಂತ ಹೇಳತಿದ್ರು. ಆ ಲಂಡನ್ನಿನವರು ಗಿರಾಕೀನ್ನ ತೂಗಿ ಬರದಿಟ್ಟಾರ ಅಂದ್ರ, ಅದು ಮೋಜು ಅಲ್ಲ. ಗಿರಾಕಿ ವರ್ಷಾ ವರ್ಷಾ ತೂಕ ನೋಡಾಕ ಅಂಗಡಿಗೆ ಬರ್ತಾನ, ಮಗನ್ನ ಕರಕೊಂಡು ಬರ್ತಾನ, ತಮ್ಮಪ್ಪನ ತೂಕ ಎಷ್ಟಿತ್ತು ಅಂತ ಪುಸ್ತಕ ತೆಗಿಸಿ ನೋಡ್ತಾನ. ಹಂಗ ಬಂದಾವ ಖಾಲಿ ಕೈಲೆ ಹೋಗಾಂಗಿಲ್ಲ. ಇದು ವ್ಯಾಪಾರಸ್ಥನ ತಲಿ.

ಅಲ್ಲೆ ಉದ್ರಿ ಇತ್ತೇನು? ಹೇಳಪಾ. ಉದ್ರಿ ಇಲ್ಲದ ಕಿರಾಣಿ ಅಂಗಡಿ ನಾ ಕೇಳಿಲ್ಲ.

ಥೇಮ್ಸ್ ದಂಡೆ

ನಾನು ಮೂವತ್ತು ವರ್ಷದಿಂದ ಲಂಡನ್ನಿನಲ್ಲೇ ಇರೋದು. ಆ ಅಂಗಡಿ ಪಕ್ಕದ ಓಣಿ ನನಗೆ ತುಂಬಾ ಇಷ್ಟ. ಬಾಗಿಲಿನ ಪಕ್ಕ ಇಕ್ಕಟ್ಟಾದ ಒಂದು ದಾರಿ ಇದೆ, ಅದರಲ್ಲಿ ಹತ್ತು ಹೆಜ್ಜೆ ಹೋದರೆ ಪುಟ್ಟ ಚೌಕ, ಪಿಕರಿಂಗ್ ಪ್ಲೇಸ್. ಅಲ್ಲಿ ಇನ್ನೂ ಗ್ಯಾಸ್ ದೀಪ ಇದೆ. ಸಂಜೆ ಹೊತ್ತು ಹೋದರೆ ಬೀದಿಯ ಸದ್ದು ಕೇಳಿಸೋದೇ ಇಲ್ಲ.

ಉದ್ರಿ ವಿಷಯಕ್ಕೆ ಬರ್ತೀನಿ, ಹಳೇ ತಕ್ಕಡಿ ಅಣ್ಣ. ಆ ಕಾಲದ ಲಂಡನ್ನಿನಲ್ಲಿ ದೊಡ್ಡಮನೆಯವರು ಕೈಯಲ್ಲಿ ದುಡ್ಡು ಹಿಡಿದು ಅಂಗಡಿಗೆ ಬರೋದೇ ಅಪರೂಪ. ಎಲ್ಲ ಖಾತೆ. ಅಂಗಡಿಯವರು ಬಾಕಿಗೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಕಾಯ್ತಿದ್ರು.

ಮಂಡಿಪೇಟೆ ತಮ್ಮ ಕೇಳಿದ ಪ್ರಶ್ನೆಗೆ ನನಗೆ ತೋಚಿದ್ದು ಹೇಳ್ತೀನಿ. 'ಒಂದು ಕುಟುಂಬ' ಅಂತ ನೀವು ಬರೆದಿರೋದನ್ನ ಸ್ವಲ್ಪ ಬಿಡಿಸಿ ನೋಡಿ.

ಬೋರ್ನ್ ಅಮ್ಮ ಅಂಗಡಿ ಇಟ್ಟಳು. ಅವಳ ಮಗಳು ಎಲಿಜಬೆತ್. ಎಲಿಜಬೆತ್ ಮದುವೆ ಆಗಿದ್ದು ವಿಲಿಯಂ ಪಿಕರಿಂಗ್ ಅನ್ನೋರನ್ನ. ಅಳಿಯ ಅಂಗಡಿಗೆ ಬಂದ, 1730ರ ದಶಕದಲ್ಲಿ ಅಂಗಡೀನೂ ಹಿಂದಿನ ಅಂಗಳಾನೂ ಹೊಸದಾಗಿ ಕಟ್ಟಿಸಿದ. ಆ ಚೌಕಕ್ಕೆ ಇವತ್ತಿಗೂ ಅವನ ಹೆಸರೇ. ಅವನು 1734ರಲ್ಲಿ ತೀರಿಕೊಂಡ. ಆಗ ಅಂಗಡಿ ನೋಡ್ಕೊಂಡಿದ್ದು ಮತ್ತೆ ಎಲಿಜಬೆತ್. ತಾಯಿ ವಿಧವೆಯಾಗಿ ಅಂಗಡಿ ಇಟ್ಟಳು, ಮಗಳು ವಿಧವೆಯಾಗಿ ಅಂಗಡಿ ಉಳಿಸಿದಳು. ಗಂಡುಮಕ್ಕಳು ದೊಡ್ಡವರಾದ ಮೇಲೆ ಅವರ ಕೈಗೆ ಕೊಟ್ಟಳು. ಅವರಲ್ಲಿ ಜಾನ್ ಪಿಕರಿಂಗ್ 1754ರಲ್ಲಿ ಹೋದ ಮೇಲೆ ಮುಂದಕ್ಕೆ ನಡೆಸೋ ವಾರಸುದಾರರು ಇಲ್ಲ, ಸಂಬಂಧಿ ಜಾನ್ ಕ್ಲಾರ್ಕ್ ಪಾಲುದಾರನಾಗಿ ಬಂದ. ಕ್ಲಾರ್ಕ್‌ನ ಮಗಳು ಮೇರಿ, ಎಕ್ಸಿಟರ್ ಊರಿನ ವೈನ್ ವ್ಯಾಪಾರಿ ಜಾನ್ ಬೆರ್ರಿಯನ್ನ ಮದುವೆಯಾದಳು. ಅವರ ಮಗ ಜಾರ್ಜ್ ಬೆರ್ರಿ. 1803ರಲ್ಲಿ, ಹದಿನಾರು ವರ್ಷದ ಹುಡುಗ, ಎಕ್ಸಿಟರ್‌ನಿಂದ ಗಾಡೀಲಿ ಎರಡು ದಿನ ಪ್ರಯಾಣ ಮಾಡಿ ತಾತನ ಅಂಗಡಿಗೆ ಕೆಲಸ ಕಲಿಯೋಕೆ ಬಂದ. ತಾಯಿಯ ತಂದೆಯ ಅಂಗಡಿ, ಗಮನಿಸಿ. 1810ರ ಹೊತ್ತಿಗೆ ಅಂಗಡಿ ಮುಂದೆ ಅವನ ಹೆಸರೇ ಬಂತು.

ಅಂದ್ರೆ ಮೊದಲ ನೂರು ಚಿಲ್ಲರೆ ವರ್ಷದಲ್ಲಿ ಅಂಗಡಿ ಹೆಸರು ಬೋರ್ನ್, ಪಿಕರಿಂಗ್, ಕ್ಲಾರ್ಕ್, ಬೆರ್ರಿ ಅಂತ ಬದಲಾಗ್ತಾನೇ ಹೋಯ್ತು. 'ನಮ್ಮ ವಂಶದ ಗಂಡುಮಗನೇ ಕೂರಬೇಕು' ಅಂತ ಹಠ ಹಿಡಿದಿದ್ರೆ 1734ರಲ್ಲೋ 1754ರಲ್ಲೋ ಬಾಗಿಲು ಹಾಕಬೇಕಿತ್ತು. ಅಂಗಡಿ ಉಳಿದದ್ದು ಹೆಣ್ಣುಮಕ್ಕಳಿಂದ, ಅಳಿಯಂದಿರಿಂದ, ಮಗಳ ಮಗನಿಂದ. ಕಟ್ಟಿದವಳ ಹೆಸರು ಬೋರ್ಡಿನ ಮೇಲೆ ಉಳೀಲಿಲ್ಲ ಅನ್ನೋ ಸಂಕಟ ನನಗೆ ಇದ್ದೇ ಇದೆ.

ಲೆಕ್ಕಪುಸ್ತಕ

ಥೇಮ್ಸ್ ದಂಡೆ ಮೇಡಂ ಹೇಳಿದ್ದು ಚೆನ್ನಾಗಿದೆ, ಆದರೆ ನಾನು ಪೂರ್ತಿ ಒಪ್ಪೋದಿಲ್ಲ. ಮಂಗಳೂರಿನಲ್ಲಿ ಲೆಕ್ಕಪರಿಶೋಧನೆ ನನ್ನ ವೃತ್ತಿ, ಕುಟುಂಬದ ವ್ಯಾಪಾರಗಳ ಪುಸ್ತಕ ದಿನಾ ನೋಡ್ತೇನೆ. ಅಂಗಡಿ ಉಳಿಯುವುದಕ್ಕೆ ಜಾಗ ಮುಖ್ಯ.

1698ರ ಜನವರಿಯಲ್ಲಿ ಲಂಡನ್ನಿನ ವೈಟ್‌ಹಾಲ್ ಅರಮನೆ ಸುಟ್ಟುಹೋಯಿತು. ರಾಜನ ಆಸ್ಥಾನ ಸೇಂಟ್ ಜೇಮ್ಸ್ ಅರಮನೆಗೆ ಬಂತು. ಆ ಅರಮನೆ ಎಲ್ಲಿದೆ? ಈ ಅಂಗಡಿಯ ಎದುರಿಗೆ! ಅದೇ ವರ್ಷ ಆಕೆ ಅಂಗಡಿ ತೆಗೆದದ್ದು. ಆಸ್ಥಾನ ಬಂದರೆ ಅದರ ಹಿಂದೆ ಶ್ರೀಮಂತರು, ಶ್ರೀಮಂತರ ಹಿಂದೆ ಕಾಫಿ ಮನೆ, ಚಾಕಲೇಟ್ ಮನೆ, ಅವುಗಳಲ್ಲಿ ಕೆಲವು ಮುಂದೆ ಕ್ಲಬ್ಬುಗಳಾದವು. ವೈಟ್ಸ್, ಬೂಡಲ್ಸ್, ಬ್ರೂಕ್ಸ್ ಮೂರೂ ಅದೇ ಬೀದಿಯಲ್ಲಿವೆ. ಮೂರನೇ ಜಾರ್ಜ್ ದೊರೆಯ ಕಾಲದಿಂದ ಅರಮನೆಗೆ ಇವರದ್ದೂ ಸರಬರಾಜು. ಇಂಥ ಗಿರಾಕಿ ಮನೆ ಬಾಗಿಲಲ್ಲಿದ್ದರೆ ಅಂಗಡಿ ನಡೆಯದೇ ಏನು?

ಇನ್ನು ದಿನಸಿಯಿಂದ ವೈನಿಗೆ ಯಾಕೆ ಹೋದರು ಅನ್ನುವುದು ಸುಂಕದ ಕಥೆ. 1703ರಲ್ಲಿ ಪೋರ್ಚುಗಲ್ ಜೊತೆ ಇಂಗ್ಲೆಂಡ್ ಮಾಡಿಕೊಂಡ ಮೆಥುವೆನ್ ಒಪ್ಪಂದದಲ್ಲಿ, ಪೋರ್ಚುಗೀಸ್ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಪಾಲು ಕಡಿಮೆ ಸುಂಕ ಅಂತಾಯಿತು. ಅದಕ್ಕೇ ಆ ಶತಮಾನವಿಡೀ ಇಂಗ್ಲಿಷರು ಪೋರ್ಟ್ ಅನ್ನುವ ಪೋರ್ಚುಗೀಸ್ ವೈನ್ ಕುಡಿದರು. 1860ರಲ್ಲಿ ಫ್ರಾನ್ಸ್ ಜೊತೆ ಒಪ್ಪಂದವಾಗಿ ಫ್ರೆಂಚ್ ವೈನಿನ ಸುಂಕ ಬಿತ್ತು. ಅದೇ ಸಮಯಕ್ಕೆ ಬ್ರಿಟನ್ನಿನ ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ತಂದ ಕಾನೂನಿನಿಂದ ಸಾಮಾನ್ಯ ಅಂಗಡಿಯವರಿಗೂ ಬಾಟಲಿ ವೈನ್ ಮಾರುವ ಪರವಾನಗಿ ಸುಲಭವಾಯಿತು. ಬೀದಿ ಬೀದಿಯ ದಿನಸಿ ಅಂಗಡಿಗೆ ವೈನ್ ಬಂತು. ಎಲ್ಲರೂ ಎಲ್ಲವನ್ನೂ ಮಾರತೊಡಗಿದಾಗ ಬೆರ್ರಿಯವರು ತದ್ವಿರುದ್ಧ ದಾರಿ ಹಿಡಿದರು. ಚಹಾ, ಕಾಫಿ ಬಿಟ್ಟರು, ಒಂದೇ ಮಾಲನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದವರಾದರು. ಇದು ಕುಟುಂಬಪ್ರೇಮ ಅಲ್ಲ, ಲೆಕ್ಕ.

ಮಂಡಿಪೇಟೆ ಹುಡುಗ

ಲೆಕ್ಕಪುಸ್ತಕ ಸರ್, ಸುಂಕದ ವಿಷಯ ನನಗೆ ಹೊಸದು. ಆದರೆ ಅರಮನೆ ಎದುರು ಆ ಒಂದೇ ಅಂಗಡಿ ಇರಲಿಲ್ಲವಲ್ಲ. ಅದೇ ಬೀದೀಲಿ ಎಷ್ಟು ಅಂಗಡಿ ಬಂದು ಹೋಗಿವೆ. ಅಲ್ಲೇ ಮೇಲುಗಡೆ ಜಸ್ಟರೀನಿ ಅಂಡ್ ಬ್ರೂಕ್ಸ್ ಅಂತ 1749ರ ವೈನ್ ವ್ಯಾಪಾರಿಗಳಿದಾರೆ. ಅವರಿಗೂ ಅರಮನೆಯ ಗಿರಾಕಿ, ಅವರದ್ದೂ ಒಳ್ಳೇ ಹೆಸರು. ಇವತ್ತು ಅದು ಡಿಯಾಜಿಯೊ ಅನ್ನೋ ದೊಡ್ಡ ಮದ್ಯ ಕಂಪನಿಯ ಒಂದು ಭಾಗ. ಬೆರ್ರಿಯವರದು ಇನ್ನೂ ಮನೆಯವರ ಕೈಲಿದೆ. ಒಂದೇ ಬೀದಿ, ಒಂದೇ ಮಾಲು, ಗತಿ ಬೇರೆ. ಜಾಗ ಅಂಗಡೀನ ಹುಟ್ಟಿಸಬಹುದು ಸರ್, ಮೂರು ಶತಮಾನ ಸಾಕೋಕೆ ಅದೊಂದೇ ಸಾಲದು.

ಅಕ್ಕಾ, ನೀವು ಬರೆದಿದ್ದನ್ನ ಎರಡು ಸಲ ಓದಿದೆ.

ಕಾಫಿಕಣಿವೆ

ಚಿಕ್ಕಮಗಳೂರಿನಿಂದ. ಕಾಫಿ ಮಿಲ್ಲಿನ ಫಲಕ ಅಂದಮೇಲೆ ಸುಮ್ಮನೆ ಹೇಗಿರಲಿ.

1698ರಲ್ಲಿ ಆಕೆ ಮಾರಿದ ಕಾಫಿ ಬಂದದ್ದು ಯೆಮನ್ನಿನ ಮೋಕಾ ಬಂದರಿನಿಂದ. ಆಗ ಲೋಕಕ್ಕೆಲ್ಲ ಕಾಫಿ ಕೊಡ್ತಿದ್ದದ್ದು ಆ ಒಂದೇ ಸೀಮೆ, ಮೊಳಕೆ ಬರೋ ಬೀಜ ಹೊರಗೆ ಬಿಡ್ತಿರಲಿಲ್ಲವಂತೆ. ಅದೇ ಮೋಕಾದಿಂದ ಬಾಬಾ ಬುಡನ್ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರು ಅನ್ನೋದು ನಮ್ಮ ಕಡೆ ತಲೆತಲಾಂತರದ ನಂಬಿಕೆ. ನನ್ನ ಅಜ್ಜಿ ಆ ಕಥೆ ಹೇಳುವಾಗ ಏಳೂ ಬೀಜ ಅಂಗೈಯಲ್ಲಿಟ್ಟು ಎಣಿಸಿ ತೋರಿಸ್ತಿದ್ದರು. 19ನೇ ಶತಮಾನದಲ್ಲಿ ಮೈಸೂರು ಕಾಫಿ ಅಂತಲೇ ನಮ್ಮ ಬೆಳೆ ಲಂಡನ್ ಪೇಟೆಗೆ ಹೋಗ್ತಿತ್ತು.

ಇನ್ನೊಂದು ವಿಷಯ. ಇಂಗ್ಲಿಷಿನ 'ಗ್ರೋಸರ್' ಅನ್ನೋ ಪದಕ್ಕೆ ಮೂಲದಲ್ಲಿ ಸಗಟು ವ್ಯಾಪಾರಿ ಅಂತ ಅರ್ಥ. ಲಂಡನ್ನಿನ ಗ್ರೋಸರ್ಸ್ ಕಂಪನಿ ಅನ್ನೋ ವರ್ತಕ ಸಂಘ ಅದಕ್ಕೂ ಮೊದಲು 'ಪೆಪ್ಪರರ್ಸ್', ಅಂದರೆ ಮೆಣಸಿನವರ ಸಂಘ. ಅವರ ಲಾಂಛನದಲ್ಲಿ ಮೆಣಸಿನ ಚೀಲ ಹೊತ್ತ ಒಂಟೆ ಇದೆ. ಆ ಮೆಣಸು ಹೋದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಸುಮ್ಮನೆ ಅಲ್ಲ. ಲಂಡನ್ನಿನ ದಿನಸಿ ಅಂಗಡಿಯ ಬೇರು ಹಿಡಿದು ಎಳೆದರೆ ನಮ್ಮ ಘಟ್ಟದ ಮಣ್ಣೂ ಸ್ವಲ್ಪ ಬರುತ್ತೆ. ನನಗೆ ಅದು ಹೆಮ್ಮೆ.

ತುಂಗಭದ್ರೆ ತಟ

ನಾನು ರಾಯಚೂರು ಕಡೆಯವಳು, ಶಾಲೆ ಟೀಚರು. ನಿಮ್ಮ ಮಾತೆಲ್ಲ ಓದಿದೆ. ಒಂದು ಮಾತು ಹೇಳಲೇಬೇಕು.

ನಮ್ಮ ಊರಲ್ಲಿ ಕಿರಾಣಿ ಅಂಗಡೀಲೇ ಕಳ್ಳತನದಿಂದ ಸಾರಾಯಿ ಪ್ಯಾಕೆಟ್ ಮಾರ್ತಾರೆ. ಬೆಲ್ಲ, ಬೇಳೆ ತರೋಕೆ ಹೋದ ಮಕ್ಕಳ ಕಣ್ಣೆದುರೇ. ಬೆಳಿಗ್ಗೆ ಆರಕ್ಕೆ ಅಲ್ಲಿ ಗಂಡಸರು ನಿಂತಿರ್ತಾರೆ, ಕೂಲಿ ದುಡ್ಡು ಅಲ್ಲೇ ಮುಗಿಯುತ್ತೆ. 2019ರ ಜನವರಿಯಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು, ಸಾವಿರಾರು ಜನ. ದಿನಸಿ ಅಂಗಡಿ ಮದ್ಯದ ಅಂಗಡಿ ಆದದ್ದನ್ನ ನೀವೆಲ್ಲ ಇಷ್ಟು ಪ್ರೀತಿಯಿಂದ ಮಾತಾಡುವಾಗ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ. ಯಾರನ್ನೂ ನೋಯಿಸೋಕೆ ಬರೆದದ್ದಲ್ಲ.

ಹಳೇ ತಕ್ಕಡಿ

ಅವ್ವಾ, ನೀ ಹೇಳಿದ್ದು ಖರೆ ಐತಿ. ನಮ್ಮ ಓಣ್ಯಾಗ ಒಬ್ಬಾಂವ ಹಿಂಗ ಮಾಡಾಕ ಹೋಗಿದ್ದ, ಮಂದಿ ಕೂಡಿ ಬಿಡಿಸಿದ್ವಿ. ಕಿರಾಣಿ ಅಂಗಡಿಗೆ ಹುಡುಗೂರು ಬರ್ತಾವ, ಹೆಣ್ಮಕ್ಕಳು ಬರ್ತಾರ. ಅಲ್ಲೆ ಅದು ಇರಬಾರದು. ಇದರಾಗ ಎರಡನೇ ಮಾತಿಲ್ಲ.

ಥೇಮ್ಸ್ ದಂಡೆ

ಟೀಚರಮ್ಮ, ನಿಮ್ಮ ಮಾತು ಇಲ್ಲಿ ಬಂದದ್ದು ಒಳ್ಳೆಯದಾಯ್ತು. ಈ ಅಂಗಡಿಯ ಚರಿತ್ರೇಲೂ ಆ ಪ್ರಶ್ನೆ ಇದೆ, ಅದನ್ನ ಮುಚ್ಚಿಟ್ಟು ಮಾತಾಡಬಾರದು.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಆಗ ಬೆರ್ರಿ ಮನೆಯ ಫ್ರಾನ್ಸಿಸ್ ಬೆರ್ರಿ ಬಹಾಮಾಸ್‌ನ ನಸ್ಸಾವಿಗೆ ಹೋಗಿ ಬಂದರು. ಅಲ್ಲಿಂದ ಹಡಗಿನಲ್ಲಿ ಕದ್ದು ಅಮೆರಿಕಕ್ಕೆ ಮದ್ಯ ಸಾಗಿಸೋರು ಇದ್ದರು. 1923ರ ಮಾರ್ಚ್ 23ರಂದು ಅಂಗಡಿಯಲ್ಲೇ ಊಟಕ್ಕೆ ಕೂತಾಗ ಪಾಲುದಾರರೂ ಸ್ಕಾಟಿಷ್ ಚಿತ್ರಕಾರ ಜೇಮ್ಸ್ ಮೆಕ್‌ಬೇ ಅವರೂ ಸೇರಿ ಹೊಸ ವಿಸ್ಕಿಗೆ 'ಕಟಿ ಸಾರ್ಕ್' ಅಂತ ಹೆಸರಿಟ್ಟರು. ಅದು ಹಳೇ ಚಹಾ ಹಡಗಿನ ಹೆಸರು, ಆ ಹಡಗನ್ನ ಇವತ್ತೂ ಗ್ರೀನ್‌ವಿಚ್‌ನಲ್ಲಿ ನೋಡಬಹುದು. ತಿಳಿ ಬಣ್ಣದ ಆ ವಿಸ್ಕಿ ಅಮೆರಿಕದಲ್ಲಿ ದೊಡ್ಡದಾಗಿ ಓಡಿತು. ಮುಂದೆ ಎಷ್ಟೋ ದಶಕ ಅಂಗಡಿಯ ವೈನ್ ವ್ಯಾಪಾರ ನಿಂತದ್ದು ಆ ಲಾಭದ ಮೇಲೆ. 2010ರಲ್ಲಿ ಅದನ್ನ ಎಡ್ರಿಂಗ್ಟನ್ ಕಂಪನಿಗೆ ಕೊಟ್ಟರು. ಇನ್ನೊಂದು ದೇಶದ ನಿಷೇಧ ಇವರಿಗೆ ಲಾಭವಾಯಿತು ಅನ್ನೋದು ಸತ್ಯ. ಅದನ್ನ ಸಾಹಸ ಅಂತ ಹೇಳೋರಿದಾರೆ. ನನಗೆ ಹಾಗೆ ಅನ್ನಿಸೋದಿಲ್ಲ.

ಮಿಕ್ಕ ಕಥೆಗಳನ್ನ ಬೇಗ ಹೇಳಿಬಿಡ್ತೀನಿ. 1842ರಿಂದ 1845ರವರೆಗೆ ಅಂಗಡಿ ಮೇಲಿನ ಕೋಣೆಗಳಲ್ಲಿ ಟೆಕ್ಸಸ್ ಗಣರಾಜ್ಯದ ರಾಯಭಾರ ಕಚೇರಿ ಇತ್ತು. ಟೆಕ್ಸಸ್ ಅಮೆರಿಕಕ್ಕೆ ಸೇರಿದ ಮೇಲೆ ಬಾಡಿಗೆ ಬಾಕಿ ಬಿಟ್ಟು ಹೋದರು, 1986ರಲ್ಲಿ ಟೆಕ್ಸಸ್ಸಿನವರು ಬಂದು ತೀರಿಸಿದರು. ಮುಂದೆ ಫ್ರಾನ್ಸಿನ ಚಕ್ರವರ್ತಿಯಾದ ಮೂರನೇ ನೆಪೋಲಿಯನ್ ದೇಶ ಬಿಟ್ಟು ಲಂಡನ್ನಿನಲ್ಲಿದ್ದಾಗ ಜಾರ್ಜ್ ಬೆರ್ರಿಯ ಸ್ನೇಹದಿಂದ ಇಲ್ಲಿನ ನೆಲಮಾಳಿಗೆಯಲ್ಲಿ ಗುಟ್ಟಿನ ಸಭೆ ನಡೆಸಿದ್ದನಂತೆ, ಆ ಮಾಳಿಗೆಗೆ ಅವನದೇ ಹೆಸರು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಇವರ 69 ಪೆಟ್ಟಿಗೆ ಮಾಲೂ ಹೋಯಿತು. ಹಡಗು ಕಂಪನಿ ಬರೆದ ಕಾಗದ ಇನ್ನೂ ಇಟ್ಟಿದ್ದಾರೆ.

ದ್ರಾಕ್ಷಿ ಪಡಗ

ವಿಜಯಪುರದಿಂದ. ನಮ್ಮದು ದ್ರಾಕ್ಷಿ, ಒಣದ್ರಾಕ್ಷಿ. ವೈನಿನ ದ್ರಾಕ್ಷಿ ಅಲ್ರಿ. ಟೀಚರ್ ಅಕ್ಕಾರ ಮಾತಿಗೆ ನಂದೂ ಸಹಮತ ಐತಿ. ಆದ್ರ ವ್ಯಾಪಾರದ ರೀತಿ ಬಗ್ಗೆ ಒಂದೆರಡು ಮಾತು ಬರೀತೇನಿ, ರೈತನ ಕಣ್ಣಿಗೆ ಕಂಡದ್ದು.

ಮೊದಲು ಫ್ರಾನ್ಸ್‌ನಿಂದ ವೈನ್ ಬರತಿದ್ದದ್ದು ಪೀಪಾಯಿಗಳಾಗ. ಲಂಡನ್ನಿನ ವ್ಯಾಪಾರಿ ತನ್ನ ನೆಲಮಾಳಿಗ್ಯಾಗ ಅದನ್ನ ಬಾಟಲಿಗೆ ತುಂಬಿಸಿ ತನ್ನ ಚೀಟಿ ಹಚ್ಚಿ ಮಾರತಿದ್ದ. ಬೆಳೆದವನ ಹೆಸರಿಗಿಂತ ತುಂಬಿಸಿದವನ ಹೆಸರಿನ ಮ್ಯಾಲ ಗಿರಾಕಿಗೆ ಭರವಸೆ. ನಮ್ಮ ಕಡೆ ಒಂದೊಂದು ಅಂಗಡಿ ಖಾರಪುಡಿ, ಒಂದೊಂದು ಅಂಗಡಿ ಶೇಂಗಾ ಚಟ್ನಿ ಅಂತ ಹೆಸರು ಮಾಡತಾವಲ್ಲ, ಹಂಗ. ಇವರದ್ದೂ 'ಗುಡ್ ಆರ್ಡಿನರಿ ಕ್ಲಾರೆಟ್' ಅಂತ ಒಂದೈತಿ. ಹೆಸರ ನೋಡ್ರಿ: ಛಲೋ ಸಾದಾ ವೈನು. ಇದ್ದದ್ದು ಇದ್ದಂಗ ಹೇಳ್ಯಾರ.

ಈಗಿನ ಪದ್ಧತಿ ಬ್ಯಾರೆ. ಫ್ರಾನ್ಸ್‌ನ ಬೋರ್ಡೊ ಸೀಮ್ಯಾಗ ವೈನು ಇನ್ನೂ ಪೀಪಾಯಿ ಒಳಗ ಇರೂಮುಂದನ ಗಿರಾಕಿ ರೊಕ್ಕ ಕೊಟ್ಟು ಕಾಯ್ದಿರಿಸ್ತಾನ, ಬಾಟಲಿ ಎರಡು ವರ್ಷದ ಮ್ಯಾಲ ಬರ್ತಾವ. ಬಂದ ಮ್ಯಾಲೂ ಮನಿಗೆ ಒಯ್ಯೂದಿಲ್ಲ, ವ್ಯಾಪಾರಿಯ ಗೋದಾಮಿನಾಗ ಬಿಡ್ತಾನ. ಬೆರ್ರಿಯವರು 1967ರಾಗ ಲಂಡನ್ ಬಿಟ್ಟು ಬೇಸಿಂಗ್‌ಸ್ಟೋಕ್‌ದಾಗ ಗೋದಾಮು ಮಾಡಿದ್ರು. ಗಿರಾಕಿಗೋಳ ಲಕ್ಷಗಟ್ಟಲೆ ಬಾಟಲಿ ಅಲ್ಲೆ ಮಲಗ್ಯಾವ. ಸುಂಕದ ಬಾಂಡ್ ಗೋದಾಮಿನಾಗ ಇರೂತನಾ ಸುಂಕ ಕಟ್ಟೂದು ಬ್ಯಾಡ, ಹೊರಗ ತಗದಾಗ ಕಟ್ಟೂದು. ನಡುವ ಬೆಲೆ ಏರಿದ್ರ ಅಲ್ಲಿಂದನ ಇನ್ನೊಬ್ಬಗ ಮಾರಬೌದು.

ಇದನ್ನ ಓದೂಮುಂದ ನನಗ ಬ್ಯಾಡಗಿ ನೆನಪಾತು. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಾಗ ಇಟ್ಟು ದರ ಬಂದಾಗ ತಗೀತಾರಲ್ಲ. ಅಲ್ಲೂ ಎಲ್ಲಾ ನಿಂತಿರೂದು ಗೋದಾಮಿನವನ ಚೀಟಿ ಮ್ಯಾಲ, ಅವನ ನಿಯತ್ತಿನ ಮ್ಯಾಲ. 1765ರಾಗ ಗಿರಾಕಿಯ ತೂಕ ಬರದಿಟ್ಟ ಪುಸ್ತಕ, ಇವತ್ತು ಗಿರಾಕಿಯ ಬಾಟಲಿ ಬರದಿಟ್ಟ ಪುಸ್ತಕ. ಅದ ಅಂಗಡಿ, ಅದ ಕೆಲಸ.

ಲೆಕ್ಕಪುಸ್ತಕ

ದ್ರಾಕ್ಷಿ ಪಡಗ ಅವರ ಮಾತು ಓದಿ ನನ್ನ ಮೊದಲ ಅಭಿಪ್ರಾಯ ಸ್ವಲ್ಪ ತಿದ್ದಿಕೊಳ್ತೇನೆ. ಪುಸ್ತಕ ಸರಿಯಾಗಿ ಇಟ್ಟದ್ದು, ಮತ್ತು ಅದನ್ನು ಎಸೆಯದೇ ಇದ್ದದ್ದು, ಈ ಅಂಗಡಿಯ ನಿಜವಾದ ಆಸ್ತಿ ಅಂತ ಕಾಣ್ತದೆ.

ಮೇಡಂ ಹೇಳಿದ ಪಟ್ಟಿಗೆ ಒಂದು ಹೆಸರು ಸೇರಿಸಬೇಕು. 1920ರಲ್ಲಿ ಹ್ಯೂ ರಡ್ ಅನ್ನುವವರು ಪಾಲುದಾರರಾಗಿ ಬಂದರು. ನಾರ್ವಿಚ್‌ನ ವೈನ್ ವ್ಯಾಪಾರಿ ಮನೆತನ, ಬೋರ್ಡೊ ಮತ್ತು ಜರ್ಮನ್ ವೈನಿನಲ್ಲಿ ಆಳವಾದ ತಿಳಿವಳಿಕೆ. ಬೆರ್ರಿಗಳಿಗೆ ರಕ್ತಸಂಬಂಧ ಇಲ್ಲ. ಹೊರಗಿನವರ ಹೆಸರನ್ನು ಬೋರ್ಡಿಗೆ ಹಾಕಿದರು. 2017ರಲ್ಲಿ ಕಂಪನಿಯ ಅಧ್ಯಕ್ಷರಾದವರು ಲಿಜ್ಜಿ ರಡ್, ಅದೇ ರಡ್ ಮನೆತನದ ಹೆಣ್ಣುಮಗಳು. ವಿಧವೆ ಬೋರ್ನ್ ಇಟ್ಟ ಅಂಗಡಿಯ ತಲೆಯಲ್ಲಿ ಮತ್ತೆ ಒಬ್ಬ ಹೆಂಗಸು ಕೂತರು. ನನ್ನ ಕಕ್ಷಿದಾರರಲ್ಲಿ ಎಷ್ಟೋ ಕುಟುಂಬದ ವ್ಯಾಪಾರ ಮುರಿದದ್ದು ನಷ್ಟದಿಂದ ಅಲ್ಲ, ಅಣ್ಣತಮ್ಮಂದಿರ ಜಗಳದಿಂದ. ಮಗಳು ಲೆಕ್ಕ ಚೆನ್ನಾಗಿ ನೋಡ್ತಾಳೆ ಅಂತ ಗೊತ್ತಿದ್ದೂ ಅವಳನ್ನು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಮಂಡಿಪೇಟೆ ಹುಡುಗ

ಈ ಹತ್ತು ದಿನದಲ್ಲಿ ಏನಾಯ್ತು ಅಂತ ಹೇಳ್ತೀನಿ.

ನನಗೊಬ್ಬಳು ಅಕ್ಕ ಇದಾಳೆ. ಹರಿಹರಕ್ಕೆ ಕೊಟ್ಟಿದೆ. ಬಿ.ಕಾಂ ಓದಿದಾಳೆ. ಹೈಸ್ಕೂಲಿನಲ್ಲಿದ್ದಾಗಿಂದಲೇ ಸಂಜೆ ಅಂಗಡೀಲಿ ಕೂತು ಕಿರ್ದಿ ಬರೀತಿದ್ದವಳು ಅವಳು, ನಾನಲ್ಲ. ನಾನು ಅಲ್ಲಿ ಕೂತಿದ್ದು ಪರೀಕ್ಷೆ ರಜದಲ್ಲಿ ಮಾತ್ರ. ದೀಪಾವಳಿ ದಿನ ಲಕ್ಷ್ಮೀಪೂಜೆಗೆ ಹೊಸ ಕಿರ್ದಿ ಪುಸ್ತಕ ಇಟ್ಟು, ಮೊದಲ ಹಾಳೆಯಲ್ಲಿ ಅರಿಶಿನದ ನೀರಲ್ಲಿ 'ಶ್ರೀ' ಬರೆಸ್ತಿದ್ರು ಅಜ್ಜ. ಅದನ್ನ ಬರೀತಿದ್ದದ್ದೂ ಅವಳೇ, ಅವಳ ಅಕ್ಷರ ಮುತ್ತಿನ ಹಾಗಿತ್ತು. ಮದುವೆ ಆದ ಮೇಲೆ ಒಂದು ಸಲ "ಅಪ್ಪಾಜಿ, ನಾನು ದಿನಾ ಬಂದು ಅಂಗಡಿ ನೋಡ್ಕೊಳ್ಲಾ? ಹರಿಹರ ಏನು ದೂರ" ಅಂತ ಕೇಳಿದ್ದಳಂತೆ. ಅಪ್ಪ "ಬೀಗರು ಏನಂದ್ಕೊಳ್ತಾರೆ" ಅಂತ ಅಲ್ಲಿಗೇ ಮುಗಿಸಿದ್ರಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಥೇಮ್ಸ್ ದಂಡೆ ಅಕ್ಕ ಬರೆದಿದ್ದನ್ನ ಅವಳಿಗೆ ಕಳಿಸಿದೆ. ಆಗ ಫೋನ್ ಮಾಡಿ ಹೇಳಿದಳು. ಹೇಳುವಾಗ ಅತ್ತಳು.

ಅಪ್ಪನ ಹತ್ರ ನಾನೇ ಮಾತಾಡಿದೆ. ವಿಡೋ ಬೋರ್ನ್ ಕಥೆ ಪೂರ್ತಿ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ದು ಒಂದೇ: "ಆ ಅಳಿಯ ಅಂಗಡಿಗೆ ಬಂದು ಕೂತಿದ್ದಕ್ಕೆ ಅವನ ಕಡೆಯವರು ಏನೂ ಅನ್ನಲಿಲ್ವಾ?" ಗೊತ್ತಿಲ್ಲಪ್ಪ, ಆದ್ರೆ ಆ ಚೌಕಕ್ಕೆ ಇವತ್ತಿಗೂ ಅವನ ಹೆಸರಿದೆ ಅಂದೆ. ಬರೋ ಭಾನುವಾರ ಅಕ್ಕ, ಭಾವ ಇಬ್ಬರೂ ದಾವಣಗೆರೆಗೆ ಹೋಗ್ತಿದಾರೆ. ಅಪ್ಪ ಹಳೇ ಕಿರ್ದಿಗಳನ್ನ ಅಟ್ಟದಿಂದ ಇಳಿಸಿ ಧೂಳು ಒರೆಸಿಟ್ಟಿದಾರೆ ಅಂತ ಅಮ್ಮ ಹೇಳಿದ್ರು.

ಲೆಕ್ಕಪುಸ್ತಕ ಸರ್, ಅಂಗಡಿ ಅಕ್ಕನ ಹೆಸರಿಗೆ ಮಾಡೋದಾದ್ರೆ ಜಿಎಸ್‌ಟಿ ನಂಬರ್ ಹಾಗೇ ನಡೆಯುತ್ತಾ?

ಲೆಕ್ಕಪುಸ್ತಕ

ನಡೆಯುವುದಿಲ್ಲ. ನೋಂದಣಿ ಪ್ಯಾನ್ ಮೇಲೆ ನಿಂತಿರ್ತದೆ. ಮಾಲೀಕರು ಬದಲಾದರೆ ಹೊಸ ನೋಂದಣಿ ಬೇಕು. ನಿಮ್ಮ ತಂದೆ ಮತ್ತು ಅಕ್ಕ ಪಾಲುದಾರರಾಗಿ ಸೇರಿದರೂ ಆ ಪಾಲುದಾರಿಕೆಗೆ ಬೇರೆ ಪ್ಯಾನ್, ಬೇರೆ ನಂಬರ್. ಇರುವ ಮಾಲಿನ ಮೇಲಿನ ತೆರಿಗೆ ಜಮೆಯನ್ನು ಹೊಸ ನಂಬರಿಗೆ ವರ್ಗಾಯಿಸಲು ಅವಕಾಶ ಉಂಟು, ಅದಕ್ಕೆ ಬೇರೆ ಫಾರಂ ಇದೆ. ಅದಾದ ಮೇಲೆಯೇ ಹಳೆಯದನ್ನು ರದ್ದು ಮಾಡಿಸಿ. ನನ್ನ ಸಲಹೆ ಕೇಳಿದರೆ ಮೊದಲ ಎರಡು ವರ್ಷ ಪಾಲುದಾರಿಕೆಯೇ ಒಳ್ಳೆಯದು. ತಂದೆಯವರ ಕೈಯೂ ಇರಲಿ, ಅಕ್ಕನ ಹೆಸರೂ ಇರಲಿ. ಅಕ್ಕನ ಪಾಲು ಎಷ್ಟು ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಪತ್ರದಲ್ಲಿ ಬರೆಸಿ.

ಹಳೇ ತಕ್ಕಡಿ

ತಮ್ಮಾ, ಕಣ್ಣು ತುಂಬಿ ಬಂದ್ವು. ಅಕ್ಕಗ ಈ ಮುದುಕನ ಆಶೀರ್ವಾದ ತಿಳಸು.

ಒಂದು ಮಾತು ನೆನಪಿರಲಿ. ತೂಕ ಮತ್ತು ಅಳತೆ ಇಲಾಖೆಯವರು ತಕ್ಕಡಿಗೆ, ಬಟ್ಟುಗಳಿಗೆ ಮುದ್ರಿ ಹಾಕಿ ಕೊಡೋ ಸರ್ಟಿಫಿಕೇಟ್ ಅಂಗಡಿ ಯಜಮಾನನ ಹೆಸರಿಗೆ ಇರತೈತಿ. ಹೆಸರು ಬದಲಾದ್ರ ಅದನ್ನೂ ಮರೀದ ಅಕ್ಕನ ಹೆಸರಿಗೆ ಮಾಡಸ್ರಿ. ಮಂದಿ ಜಿಎಸ್‌ಟಿ ನೆನಪಿಡ್ತಾರ, ತಕ್ಕಡಿ ಮರೀತಾರ. ಆ ಕಾಗದ ಚೌಕಟ್ಟು ಹಾಕಿಸಿ ಗಲ್ಲಾದ ಹಿಂದ ದೇವರ ಫೋಟೋದ ಬಾಜೂಕ ತೂಗ ಹಾಕಬೇಕು, ಗಿರಾಕಿಗೆ ಹೆಸರು ಓದಾಕ ಬರೂಹಂಗ.